ಪ್ರಕರಣ ಅಧ್ಯಯನದಲ್ಲಿ ಕಾಯಿಲೆಯ ಹೆಸರು ಬೇಡ

ಬೋಧನಾಭ್ಯಾಸದ ಅವಧಿಯಲ್ಲಿ ನಾವು ಬರೆಯುವ ದಾಖಲೆಗಳಲ್ಲಿ ಪ್ರಕರಣ ಅಧ್ಯಯನವೂ ಒಂದು. ಒಬ್ಬ ವಿದ್ಯಾರ್ಥಿಯನ್ನು ಆರಿಸಿಕೊಂಡು ಸಮಸ್ಯೆ ಗುರುತಿಸಬೇಕು, ಕಾರಣ ಹುಡುಕಬೇಕು, ಪರಿಹಾರ ಸೂಚಿಸಬೇಕು. ಈ ಸಲ ನಮ್ಮ ತಂಡದವರು ಒಬ್ಬರ ದಾಖಲೆಯನ್ನು ಇನ್ನೊಬ್ಬರು ಓದಿದೆವು. ‘ಎಡಿಎಚ್‌ಡಿ’, ‘ಅಟ್ಯಾಚ್‌ಮೆಂಟ್ ಡಿಸಾರ್ಡರ್’ ಮುಂತಾದ ಹೆಸರುಗಳು ಹಲವು ದಾಖಲೆಗಳ ಮೊದಲ ಪುಟದಲ್ಲೇ ಇದ್ದವು. ಇವನ್ನು ಬರೆಯುವಷ್ಟು ತಿಳಿವಳಿಕೆ ನಮಗಿಲ್ಲ, ಬರೆಯದಿದ್ದರೇ ಮಗುವಿಗೆ ಹೆಚ್ಚು ಉಪಯೋಗ ಎಂಬುದು ನನ್ನ ಅಭಿಪ್ರಾಯ.

ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ನಾವು ನೋಡಿದ್ದು ಒಂದೇ ಕಡೆ, ಕೆಲವೇ ವಾರ, ಅದೂ ಹೊಸಬರ ಪಾಠದಲ್ಲಿ. ಹೊಸಬರ ಪಾಠಕ್ಕೆ ಚಡಪಡಿಸದ ತರಗತಿ ಯಾವುದಿದೆ?

ಬಾಂಧವ್ಯದ ತೊಂದರೆಯ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಬೌಲ್ಬಿ, ಮೇರಿ ಐನ್ಸ್‌ವರ್ತ್ ಹೆಸರುಗಳನ್ನು ಪರೀಕ್ಷೆಗೆಂದು ಓದಿದ್ದೇವೆ. ಐನ್ಸ್‌ವರ್ತ್ ಗಮನಿಸಿದ್ದು ಸುಮಾರು ಒಂದು ವರ್ಷದ ಕೂಸುಗಳನ್ನು. ತಾಯಿ ಕೋಣೆಯಿಂದ ಹೊರಗೆ ಹೋಗಿ ಮರಳಿ ಬಂದಾಗ ಕೂಸು ಏನು ಮಾಡುತ್ತದೆ ಎಂಬುದನ್ನು. ಅಲ್ಲಿ ಕಂಡ ‘ಅಭದ್ರ ಬಾಂಧವ್ಯ’ ಕಾಯಿಲೆಯಲ್ಲ, ಸಾಮಾನ್ಯ ಕುಟುಂಬದ ಮಕ್ಕಳಲ್ಲೂ ಇರುವಂಥದ್ದು. ಡಿಸಾರ್ಡರ್ ಎನ್ನುವುದು ಬೇರೆ, ಅಪರೂಪದ್ದು. 2013ರ ಡಿಎಸ್‌ಎಂ-5 ಅದನ್ನು ಎರಡಾಗಿ ಬಿಡಿಸಿದೆ: ನೋವಿನಲ್ಲೂ ಯಾವ ದೊಡ್ಡವರ ಬಳಿಗೂ ಸಮಾಧಾನಕ್ಕೆ ಹೋಗದ ಮಗು ಒಂದು ಬಗೆ; ಗುರುತಿಲ್ಲದವರ ಜೊತೆಗೂ ಹಿಂಜರಿಯದೆ ಹೊರಟುಬಿಡುವ ಮಗು ಇನ್ನೊಂದು. ಎರಡಕ್ಕೂ ಎಳವೆಯಲ್ಲಿ ಆರೈಕೆಯ ತೀವ್ರ ಕೊರತೆ ಆಗಿರಬೇಕು, ರೊಮೇನಿಯಾದ ಅನಾಥಾಲಯಗಳಲ್ಲಿ ಬೆಳೆದ ಮಕ್ಕಳಿಗೆ ಆದಂತೆ. ಮೊದಲನೆಯದು 5 ವರ್ಷದೊಳಗೇ ಕಾಣಿಸಿಕೊಂಡಿರಬೇಕು. ಎಂಟನೇ ತರಗತಿಯ ಹುಡುಗಿಯ ಅಂಗನವಾಡಿ ದಿನಗಳು ನಮಗೆ ಹೇಗೆ ಗೊತ್ತು?

ನಾವು ಹೋದ ಶಾಲೆಯಲ್ಲಿ ಅಂಥ ಒಬ್ಬಳಿದ್ದಳು. ಪಾಠದ ಮಧ್ಯೆ ಎದ್ದು ಹೋಗುವುದು, ಪಕ್ಕದವಳ ಪುಸ್ತಕ ಕಿತ್ತೆಸೆಯುವುದು, ಬಿಡುವಿನಲ್ಲಿ ಮಾತ್ರ ನಮ್ಮ ಕೈ ಬಿಡದೆ “ಮಿಸ್, ನಾಳೆನೂ ನೀವೇ ಬರ್ತೀರಾ?” ಎಂದು ಕೇಳುವುದು. ಶಿಕ್ಷಕರ ಕೊಠಡಿಯಲ್ಲಿ ಅವಳಿಗೆ ಆಗಲೇ ಒಂದು ಹೆಸರು ಬಿದ್ದಿತ್ತು. ನಾನು ಭೌತಶಾಸ್ತ್ರ ಓದಿ ಬಂದವಳು. ವೀಕ್ಷಣೆಯ ಕಾಲಂ ತುಂಬದೆ ಫಲಿತಾಂಶ ಬರೆದರೆ ಲ್ಯಾಬ್ ರೆಕಾರ್ಡಿಗೆ ಸಹಿ ಬೀಳುತ್ತಿರಲಿಲ್ಲ. ಅದೇ ಅಭ್ಯಾಸದಲ್ಲಿ ಎರಡು ವಾರ ಬರೀ ಗುರುತು ಹಾಕುತ್ತಾ ಹೋದೆ: ಎಷ್ಟು ಹೊತ್ತಿಗೆ ಆಯಿತು, ಅದಕ್ಕೆ ಮುಂಚೆ ಏನು ನಡೆದಿತ್ತು, ಆಮೇಲೆ ಯಾರು ಏನು ಮಾಡಿದರು. 11 ಗುರುತುಗಳಲ್ಲಿ 8, ಹೇಳದೆ ಕೇಳದೆ ಏನೋ ಬದಲಾದಾಗ ಬಿದ್ದವು. ಒಬ್ಬರ ಪಿರಿಯಡ್ಡಿಗೆ ಇನ್ನೊಬ್ಬರು ಬಂದದ್ದು, ಜಾಗ ಬದಲಿಸಿ ಕೂರಿಸಿದ್ದು. ದಸರಾ ಮುಗಿದ ಮೇಲೆ ಅಪ್ಪ ಅಮ್ಮ ಕಬ್ಬು ಕಡಿಯಲು ಹೋಗಿದ್ದಾರೆ, ಅವಳು ದೊಡ್ಡಮ್ಮನ ಮನೆಯಲ್ಲಿದ್ದಾಳೆ ಎಂದು ತರಗತಿ ಶಿಕ್ಷಕಿ ಹೇಳಿದರು.

ಇದರಿಂದ ಅವಳಿಗೆ ಕಾಯಿಲೆ ಇದೆ ಎಂದಾಗಲಿ ಇಲ್ಲ ಎಂದಾಗಲಿ ಸಾಬೀತಾಗುವುದಿಲ್ಲ. ಆದರೆ ಮಾಡಬೇಕಾದ್ದು ತಿಳಿಯಿತು. ನಾಳೆ ಯಾರ ಪಾಠ ಎಂದು ಹಿಂದಿನ ದಿನವೇ ಹೇಳುವುದು, ಜಾಗ ಬದಲಿಸದಿರುವುದು, ಎದ್ದು ಹೋದವಳು ಮರಳಿ ಬಂದಾಗ ಎಲ್ಲರೆದುರು ವಿಚಾರಣೆ ಮಾಡದಿರುವುದು. ಗುರುತುಗಳು ಕಡಿಮೆಯಾದವು, ನಿಲ್ಲಲಿಲ್ಲ.

ಹೆಸರಿಲ್ಲದೆ ಸೌಲಭ್ಯ ಸಿಗುವುದಿಲ್ಲವಲ್ಲ ಎಂದು ನಮ್ಮ ಉಪನ್ಯಾಸಕರೊಬ್ಬರು ಕೇಳಿದರು. ಮಾತು ನಿಜ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಹಲವು ಸೌಲಭ್ಯಗಳಿಗೆ ಪ್ರಮಾಣಪತ್ರ ಬೇಕು. ಆದರೆ ಅದನ್ನು ಕೊಡುವವರು ವೈದ್ಯರು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಶಾಲೆಗೆ ಬರುತ್ತದೆ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ, ಬೇಕಿದ್ದರೆ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ದಾರಿಯಿದೆ. ಆ ವೈದ್ಯರಿಗೆ ನಾವು ಊಹಿಸಿದ ಹೆಸರಿಗಿಂತ ನಮ್ಮ 11 ಗುರುತುಗಳ ಹಾಳೆ ಹೆಚ್ಚು ಬೇಕಾದೀತು. ಇನ್ನು, ಮೈಮೇಲೆ ಗಾಯ, ಸಾಯುವ ಮಾತು, ಮನೆಗೆ ಹೋಗಲು ಭಯ ಕಂಡರೆ ಎರಡು ವಾರ ಗುರುತು ಹಾಕುತ್ತಾ ಕೂರುವಂತಿಲ್ಲ. ಅಂದೇ ಮುಖ್ಯ ಶಿಕ್ಷಕರಿಗೆ ತಿಳಿಸಬೇಕು, 1098ಕ್ಕೆ ಕರೆ ಹೋಗಬೇಕು.

ನಾವು ಚರ್ಚಿಸದ ಇನ್ನೊಂದು ವಿಷಯ ನಮ್ಮ ನಿರ್ಗಮನ. ಬರುತ್ತೇವೆ, ಹಾಡು, ಚಾರ್ಟು, ಆಟಗಳಿಂದ ಮಕ್ಕಳ ಮನಸ್ಸು ಗೆಲ್ಲುತ್ತೇವೆ, ಕೊನೆಯ ದಿನ ಚಾಕೊಲೇಟ್ ಹಂಚಿ ಗ್ರೂಪ್ ಫೋಟೊ ತೆಗೆಸಿಕೊಂಡು ಮಾಯವಾಗುತ್ತೇವೆ. ಬಿಟ್ಟುಹೋಗುವವರನ್ನು ಆಗಲೇ ಕಂಡಿರುವ ಮಗುವಿಗೆ ನಾವು ಇನ್ನೊಬ್ಬರು. ಕೊನೆಯ ತಾರೀಖನ್ನು ಮೊದಲ ವಾರವೇ ಹಲಗೆಯ ಮೂಲೆಯಲ್ಲಿ ಬರೆದಿಟ್ಟರೆ ಏನೂ ಕಳೆದುಹೋಗುವುದಿಲ್ಲ. “ಮತ್ತೆ ಬರ್ತೀನಿ” ಎಂದು ಸುಳ್ಳು ಹೇಳುವುದಂತೂ ಬೇಡವೇ ಬೇಡ.

ಉಪನ್ಯಾಸಕರಲ್ಲಿ ನನ್ನ ಕೋರಿಕೆ: ಪ್ರಕರಣ ಅಧ್ಯಯನದ ನಮೂನೆಯಲ್ಲಿ ‘ಸಮಸ್ಯೆಯ ಹೆಸರು’ ಎಂಬ ಕಾಲಂ ತೆಗೆದು ‘ಕಂಡದ್ದು, ಎಷ್ಟು ಸಲ, ಅದಕ್ಕೆ ಮುಂಚೆ ಏನಾಗಿತ್ತು’ ಎಂದು ಹಾಕಿ. ದಾಖಲೆ ಕಾಲೇಜಿನ ಬೀರು ಸೇರುವ ಮೊದಲು, ಮಾಡಿ ನೋಡಿದ ಉಪಾಯಗಳ ಒಂದು ಪುಟದ ಪ್ರತಿ ಆ ಮಗುವಿನ ತರಗತಿ ಶಿಕ್ಷಕರ ಕೈ ಸೇರಲಿ. ಜೂನ್‌ನಲ್ಲಿ ಶಾಲೆ ತೆರೆದಾಗ ಆ ಮಗುವಿನೆದುರು ಇರುವವರು ಅವರೇ.