ನಡೆಯುವವನೂ ದುಡಿಯುತ್ತಾನೆ

ಯಾವ ಆಟಗಾರ ಎಷ್ಟು ಕಿಲೋಮೀಟರ್ ಓಡಿದ ಎಂಬ ಲೆಕ್ಕ ಈಗ ಫುಟ್‌ಬಾಲ್ ಪಂದ್ಯದ ನಡುವೆಯೇ ಟಿ.ವಿ. ಪರದೆಗೆ ಬರುತ್ತದೆ. ಆ ಪಟ್ಟಿಯ ತಳದಲ್ಲಿ ಲಯೊನೆಲ್ ಮೆಸ್ಸಿಯ ಹೆಸರು ಕಂಡರೆ ಸಾಕು, 'ವಯಸ್ಸಾಯಿತು, ಸುಮ್ಮನೆ ಅಡ್ಡಾಡುತ್ತಾನೆ' ಎಂಬ ತೀರ್ಪು ಹೊರಬೀಳುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ದುಡಿಮೆಯನ್ನು ಕಾಲಿನಿಂದ ಮಾತ್ರ ಅಳೆಯುವವರು ಅರ್ಧ ಆಟವನ್ನಷ್ಟೇ ನೋಡುತ್ತಿದ್ದಾರೆ.

ಮೊದಲಿಗೆ, ಜಾಗ ಬದಲಾಗುವುದು ಮುಪ್ಪಿನ ಲಕ್ಷಣವೇನಲ್ಲ. ಹದಿಹರೆಯದ ಮೆಸ್ಸಿ ಬಾರ್ಸಿಲೋನಾದ ಬಲ ವಿಂಗರ್. 2009ರ ಮೇ 2ರಂದು ರಿಯಲ್ ಮ್ಯಾಡ್ರಿಡ್‌ನ ಬರ್ನಬ್ಯೂ ಮೈದಾನದಲ್ಲಿ ಕೋಚ್ ಗಾರ್ಡಿಯೋಲಾ ಸ್ಟ್ರೈಕರ್ ಎಟೊನನ್ನು ಬಲಕ್ಕೆ ಸರಿಸಿ ಮೆಸ್ಸಿಯನ್ನು ನಡುವಿಗೆ ತಂದ. ಸೆಂಟರ್ ಫಾರ್ವರ್ಡ್ ಆಗಿರಬೇಕಾದವನು ಕೆಳಗಿಳಿದು ಮಿಡ್‌ಫೀಲ್ಡಿನ ಹತ್ತಿರ ನಿಂತ. ಅವನನ್ನು ಹಿಂಬಾಲಿಸಿದರೆ ಬೆನ್ನ ಹಿಂದೆ ಬಯಲು, ಬಿಟ್ಟರೆ ಅವನು ನಿರಾಳವಾಗಿ ತಿರುಗುತ್ತಾನೆ. ರಿಯಲ್ ಮ್ಯಾಡ್ರಿಡ್ ಡಿಫೆಂಡರ್‌ಗಳಿಗೆ ಉತ್ತರ ಹೊಳೆಯಲಿಲ್ಲ. ಬಾರ್ಸಿಲೋನಾ 6–2ರಿಂದ ಗೆದ್ದಿತು. ಆಗ ಮೆಸ್ಸಿಗೆ 21 ವರ್ಷ.

ಇನ್ನು ನಡಿಗೆಯ ಮಾತು. 2022ರ ಡಿಸೆಂಬರ್ 13, ಕತಾರ್‌ನ ಲುಸೇಲ್, ಕ್ರೊಯೇಷ್ಯಾ ಎದುರಿನ ವಿಶ್ವಕಪ್ ಸೆಮಿಫೈನಲ್, 69ನೇ ನಿಮಿಷ. ಬಲಗೆರೆಯ ಬಳಿ 35ರ ಮೆಸ್ಸಿ, ಅವನಿಗೆ ಅಂಟಿಕೊಂಡು ಮುಖಕ್ಕೆ ಮಾಸ್ಕ್ ಹಾಕಿದ 20ರ ಕ್ರೊಯೇಷ್ಯಾ ಡಿಫೆಂಡರ್ ಗ್ವಾರ್ಡಿಯೋಲ್. ಮೆಸ್ಸಿ ಓಡಿದ, ತಟ್ಟನೆ ನಿಂತ, ಬೆನ್ನು ಕೊಟ್ಟು ಹಿಂದಕ್ಕೆ ತಿರುಗಿದ, ಮರುಕ್ಷಣವೇ ಹೊರಳಿ ಗೋಲ್ ಗೆರೆಯ ಕಡೆ ನುಗ್ಗಿದ. ಅಲ್ಲಿಂದ ಹಿಂದಕ್ಕೆ ತಳ್ಳಿದ ಚೆಂಡನ್ನು ಸಹ ಆಟಗಾರ ಅಲ್ವಾರೆಜ್ ಗೋಲಿಗೆ ಸೇರಿಸಿದ. ನೇರ ಓಟದಲ್ಲಿ ಗೆಲ್ಲಬೇಕಾದವನು ಗ್ವಾರ್ಡಿಯೋಲ್. ಆದರೆ ಎಲ್ಲಿ ನಿಂತರೆ ಎದುರಾಳಿ ಮುಗ್ಗರಿಸುತ್ತಾನೆ ಎಂಬುದು ಮೆಸ್ಸಿಗೆ ಗೊತ್ತಿತ್ತು. ನಡೆಯುತ್ತಾ ತಲೆ ಹೊರಳಿಸಿ ಯಾರು ಎಲ್ಲಿದ್ದಾರೆ, ಸಂದು ಎಲ್ಲಿ ತೆರೆಯುತ್ತಿದೆ ಎಂದು ನೋಡಿಟ್ಟುಕೊಳ್ಳುವುದೂ, ಇಂಥ ಹತ್ತು ಸೆಕೆಂಡಿಗೆ ಕಾಲನ್ನು ಉಳಿಸಿಡುವುದೂ ದುಡಿಮೆಯೇ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಒಬ್ಬ ನಡೆದರೆ ಅವನ ಪಾಲಿನ ಓಟ ಬೇರೆಯವರ ಹೆಗಲಿಗೆ ಬೀಳುತ್ತದೆ. ಎಲ್ಲರೂ ಪ್ರೆಸ್ ಮಾಡಬೇಕಾದ, ಅಂದರೆ ಚೆಂಡಿರುವವನ ಮೇಲೆ ಮುಗಿಬೀಳಬೇಕಾದ, ಇಂದಿನ ಆಟದಲ್ಲಿ ಒಂದು ಕೊಂಡಿ ಸಡಿಲವಾದರೂ ಎದುರಾಳಿ ಅಲ್ಲಿಂದಲೇ ನುಸುಳುತ್ತಾನೆ. ಪ್ಯಾರಿಸ್ ಸೇಂಟ್ ಜರ್ಮೇನ್ ಇದಕ್ಕೆ ಸಾಕ್ಷಿ. ಮೆಸ್ಸಿ, ನೇಯ್ಮಾರ್, ಎಂಬಾಪೆ ಮೂವರಲ್ಲಿ ಯಾರೂ ಚೆಂಡು ಕಸಿಯಲು ಹಿಂದೋಡುವವರಲ್ಲ. 2022ರಲ್ಲಿ ರಿಯಲ್ ಮ್ಯಾಡ್ರಿಡ್, 2023ರಲ್ಲಿ ಬಯರ್ನ್ ಆ ತಂಡವನ್ನು ಚಾಂಪಿಯನ್ಸ್ ಲೀಗ್‌ನ ಪ್ರೀಕ್ವಾರ್ಟರ್‌ನಲ್ಲೇ ಮನೆಗೆ ಕಳಿಸಿದವು. ಆದರೆ ಅದೇ ಮೆಸ್ಸಿ, ಅದೇ ಕಾಲು, ಅರ್ಜೆಂಟೀನಾಕ್ಕೆ ವಿಶ್ವಕಪ್ ತಂದವು. ಕೋಚ್ ಸ್ಕಲೋನಿ ಅವನ ಸುತ್ತ ಡಿ ಪಾಲ್, ಎನ್ಜೊ, ಮ್ಯಾಕ್ ಅಲಿಸ್ಟರ್, ಅಲ್ವಾರೆಜ್‌ರಂಥ ದಣಿವರಿಯದ ಓಟಗಾರರನ್ನು ಇಟ್ಟಿದ್ದ. ಹೀಗಾಗಿ ಒಬ್ಬನ ದುಡಿಮೆಯನ್ನು ಅವನ ತಂಡದಿಂದ ಬಿಡಿಸಿ ಅಳೆಯಲಾಗದು.

ಆದರೂ ನಡೆಯುವ ಈ ಸವಲತ್ತು ಹಳೆಯ ಹೆಸರಿಗೆ ಸಿಗುವ ಪಿಂಚಣಿ ಆಗಕೂಡದು. ಉಳಿದವರು ಸುರಿಸಿದ ಬೆವರಿಗೆ ತಕ್ಕ ಫಲವನ್ನು ತಾರೆ ಹಿಂದಿರುಗಿಸುವವರೆಗೆ ಮಾತ್ರ ಅದು ಸಲ್ಲುತ್ತದೆ. ಅದೇ ವಿಶ್ವಕಪ್‌ನಲ್ಲಿ ಪೋರ್ಚುಗಲ್ ಕೋಚ್ ಸಾಂಟೋಸ್ ಸ್ವಿಟ್ಜರ್ಲೆಂಡ್ ಎದುರು ರೊನಾಲ್ಡೊನನ್ನು ಬೆಂಚಿನಲ್ಲಿ ಕೂರಿಸಿದ. ಆ ಜಾಗಕ್ಕೆ ಬಂದ ರಾಮೋಸ್ ಹ್ಯಾಟ್ರಿಕ್ ಹೊಡೆದ, ತಂಡ 6–1ರಿಂದ ಗೆದ್ದಿತು. ಮುಂದಿನ ಪಂದ್ಯದಲ್ಲಿ ಮೊರಾಕೊ ಎದುರು ಸೋತರೂ ಆ ನಿರ್ಧಾರ ಸರಿಯಾಗಿಯೇ ಇತ್ತು. ತಾರೆಯನ್ನು ನಡೆಯಲು ಬಿಡುವ ಕೋಚ್‌ಗೆ ಕೂರಿಸುವ ಎದೆಗಾರಿಕೆಯೂ ಇರಬೇಕು. ಆ ಎರಡೂ ತೀರ್ಮಾನಗಳನ್ನು ಕಿಲೋಮೀಟರ್ ಪಟ್ಟಿ ಮಾಡಿಕೊಡುವುದಿಲ್ಲ.