ಸುಂಕದ ಕಟ್ಟೆಯೂ ಅಚೌರ್ಯಾಣುವ್ರತವೂ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬ ಗಾದೆ ಹುಟ್ಟಿದ ಕಾಲದಲ್ಲಿ, ಕಟ್ಟೆಯ ಮೇಲೆ ಕುಳಿತವನೇ ಮೂಟೆ ಬಿಚ್ಚಿಸಿ, ತೂಗಿ, ಬೆಲೆ ಕಟ್ಟಿ ಸುಂಕ ಹೇಳುತ್ತಿದ್ದನು. ಭಾರತದಲ್ಲಿ ಆ ಕೆಲಸದ ಮೊದಲ ಹೊಣೆ ಇಂದು ವ್ಯಾಪಾರಿಯದೇ ಆಗಿದೆ. 1962ರ ಕಸ್ಟಮ್ಸ್ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿಯಂತೆ ಆಮದುದಾರನೂ ರಫ್ತುದಾರನೂ ತಮ್ಮ ಸರಕಿನ ವರ್ಗ, ಮೌಲ್ಯ ಮತ್ತು ಸುಂಕವನ್ನು ತಾವೇ ನಿರ್ಧರಿಸಿ ಘೋಷಿಸಬೇಕು. ಬಿಲ್ ಆಫ್ ಎಂಟ್ರಿಯಲ್ಲಿ ಬರೆದದ್ದು ನಿಜವೆಂಬುದಕ್ಕೆ ಸಹಿ ಹಾಕಿದವನೇ ಹೊಣೆ. ಯಾವ ಪೆಟ್ಟಿಗೆಯನ್ನು ತೆರೆಯಬೇಕೆಂಬುದನ್ನು ಬಹುಮಟ್ಟಿಗೆ ಗಣಕಯಂತ್ರ ಆರಿಸುತ್ತದೆ. ಉಳಿದವು ವ್ಯಾಪಾರಿಯ ಮಾತಿನ ಮೇಲೆಯೇ ಬಂದರನ್ನು ದಾಟುತ್ತವೆ.

ಮಾತಿನ ಮೇಲೆ ನಡೆಯುವ ಈ ವ್ಯವಸ್ಥೆ ಜೈನ ಸಮಾಜಕ್ಕೆ ಹೊಸತಾಗಿ ಕಾಣಬಾರದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ. ಕನ್ನಡ ನಾಡಿನವರೇ ಆದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಮೂರನೆಯದನ್ನು ವಿವರಿಸುವಾಗ, ಬೆಲೆಬಾಳುವ ದ್ರವ್ಯವನ್ನು ನ್ಯಾಯವಲ್ಲದ ಮಾರ್ಗದಿಂದ ಅಲ್ಪ ಬೆಲೆಗೆ ದಕ್ಕಿಸಿಕೊಳ್ಳುವ ಪ್ರಯತ್ನವನ್ನು ಸೂಚಿಸುತ್ತಾರೆ. ಕೃತಿ ರಚನೆಯಾಗಿ ಸಾವಿರಕ್ಕೂ ಹೆಚ್ಚು ವರ್ಷಗಳು ಕಳೆದಿವೆ. ಆದರೂ ಸೀಮಾಸುಂಕದ ವಕೀಲರು ಇದನ್ನು ಓದಿದರೆ 14ನೆಯ ಕಲಮಿನ ಟಿಪ್ಪಣಿಯೆಂದೇ ಭಾವಿಸಿಯಾರು.

14ನೆಯ ಕಲಮು ಹೇಳುವುದು ಸರಳ. ಪರಸ್ಪರ ಸಂಬಂಧವಿಲ್ಲದ ಇಬ್ಬರ ನಡುವೆ, ಬೆಲೆಯೊಂದೇ ಗಣನೆಗೆ ಬಂದಾಗ, ನಿಜವಾಗಿ ಕೊಟ್ಟ ಅಥವಾ ಕೊಡಬೇಕಾದ ಮೊತ್ತವೇ ಸರಕಿನ ಮೌಲ್ಯ. ಇದನ್ನು ಮುರಿಯುವ ಬಗೆ ಮುಂಬೈಯ ಪೇಟೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನೂರು ರೂಪಾಯಿಯ ಸರಕಿಗೆ ಅರವತ್ತರ ಇನ್‌ವಾಯ್ಸ್. ಮಿಕ್ಕ ನಲವತ್ತು ಹವಾಲಾದಲ್ಲಿ. ಸುಂಕ ಕಡಿಮೆಯಾಗುತ್ತದೆ, ಅದರ ಮೇಲಿನ ಐಜಿಎಸ್‌ಟಿಯೂ ಕಡಿಮೆಯಾಗುತ್ತದೆ, ಕೊನೆಗೆ ಲಾಭವೂ ಲೆಕ್ಕದ ಹೊರಗೆ ಉಳಿಯುತ್ತದೆ. ಸುಂಕವೇ ಇಲ್ಲದ ಸರಕಿಗೆ ಇದರ ವಿಲೋಮ ನಡೆಯುತ್ತದೆ: ಅರವತ್ತರ ಕಲ್ಲಿಗೆ ನೂರರ ಇನ್‌ವಾಯ್ಸ್ ಬರೆಸಿ, ಬ್ಯಾಂಕಿನ ಮೂಲಕವೇ ನಲವತ್ತನ್ನು ದೇಶದ ಹೊರಗೆ ಸಾಗಿಸಲಾಗುತ್ತದೆ. ಆಗ ಬೊಕ್ಕಸಕ್ಕೆ ಸುಂಕದ ನಷ್ಟವಿಲ್ಲ, ಆದ್ದರಿಂದ ಪಾಪವಿಲ್ಲ ಎಂಬ ವಾದ ಕೇಳಿಬರುತ್ತದೆ. ಲೆಕ್ಕ ಬಲ್ಲವರ ಬಾಯಿಂದ ಈ ಮಾತು ಬರುವುದು ವಿಷಾದಕರ.

ಐದನೆಯ ಅತಿಚಾರದ ಮಾತು ಇನ್ನೂ ಹತ್ತಿರದ್ದು. ಪ್ರತಿರೂಪಕವೆಂದರೆ ಅಸಲಿನಂತೆ ತೋರುವುದನ್ನು ಅಸಲೆಂದು ಮಾರುವುದು. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಸದೃಶಸನ್ಮಿಶ್ರವೆಂಬ ಹೆಸರಿತ್ತರು. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರಕ್ಕೂ ಗಣಿಯ ವಜ್ರಕ್ಕೂ ರಾಸಾಯನಿಕವಾಗಿ ಭೇದವಿಲ್ಲ, ಬರಿಗಣ್ಣಿಗೆ ತಿಳಿಯುವುದೂ ಇಲ್ಲ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಬೆಳೆಸಿದ ವಜ್ರ ತನ್ನ ಹೆಸರಿನಲ್ಲಿಯೇ ಮಾರಾಟವಾದರೆ ಅದು ಗೌರವದ ಉದ್ಯಮ. ಸರ್ಕಾರವೇ 2023ರ ಬಜೆಟ್ಟಿನಲ್ಲಿ ಅದರ ಬೀಜಗಳ ಸುಂಕವನ್ನು ತೆಗೆದುಹಾಕಿತು. ಆದರೆ ಸಣ್ಣ ಕಲ್ಲುಗಳ ಪುಡಿಕೆಯಲ್ಲಿ ನಾಲ್ಕನ್ನು ಬೆರೆಸಿ ಗಣಿಯ ವಜ್ರವೆಂದು ಶಿಪ್ಪಿಂಗ್ ಬಿಲ್ಲಿನಲ್ಲಿ ಘೋಷಿಸಿದವನು ಕಾಯ್ದೆಯ 114ಎಎ ಕಲಮಿಗೂ ಸಮಂತಭದ್ರರಿಗೂ ಏಕಕಾಲಕ್ಕೆ ಉತ್ತರ ಕೊಡಬೇಕಾಗುತ್ತದೆ. ಸುಳ್ಳೆಂದು ತಿಳಿದೂ ಘೋಷಿಸಿದವನಿಗೆ ಆ ಕಲಮು ಸರಕಿನ ಮೌಲ್ಯದ ಐದು ಪಟ್ಟಿನವರೆಗೆ ದಂಡ ವಿಧಿಸಬಲ್ಲದು.

ಹಾಗೆಂದು ರಾಜ್ಯವನ್ನು ನಿರ್ದೋಷಿಯೆಂದು ಬಿಟ್ಟುಬಿಡುವಂತಿಲ್ಲ. ಚಿನ್ನದ ಕಥೆಯನ್ನೇ ನೋಡಬಹುದು. 2013ರ ಜನವರಿಯಲ್ಲಿ ಶೇಕಡಾ 6ಕ್ಕೆ ಏರಿದ ಸುಂಕ ಅದೇ ಆಗಸ್ಟಿನಲ್ಲಿ 10 ಆಯಿತು, 2019ರಲ್ಲಿ 12.5, 2021ರಲ್ಲಿ ಇಳಿದು, 2022ರ ಜುಲೈಯಲ್ಲಿ ಸೆಸ್ ಸೇರಿ 15, 2024ರ ಜುಲೈಯಲ್ಲಿ ಮತ್ತೆ 6. ಕಿಲೋ ಚಿನ್ನಕ್ಕೆ 70 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಶೇಕಡಾ 15ರ ದರದಲ್ಲಿ ಕಳ್ಳಸಾಗಣೆದಾರನಿಗೆ ಉಳಿಯುವುದು ಹತ್ತೂವರೆ ಲಕ್ಷ. 6ರ ದರದಲ್ಲಿ ನಾಲ್ಕು ಲಕ್ಷ ಇಪ್ಪತ್ತು ಸಾವಿರ. ಕಳ್ಳನ ಸಂಬಳವನ್ನು ನಿರ್ಧರಿಸುವುದು ದೆಹಲಿಯ ಅರ್ಥ ಸಚಿವಾಲಯವೇ ಎಂದರೆ ಅತಿಶಯವಲ್ಲ. 1968ರ ಚಿನ್ನ ನಿಯಂತ್ರಣ ಕಾಯ್ದೆ 1990ರಲ್ಲಿ ರದ್ದಾಗುವವರೆಗೆ ಮುಂಬೈಯ ಕಡಲ ತೀರಕ್ಕೆ ಕಲಿಸಿದ ಪಾಠವೂ ಇದೇ ಆಗಿತ್ತು. 2001ರಲ್ಲಿ ಕೋಲಾರದ ಗಣಿಯನ್ನು ಮುಚ್ಚಿ, ಬೇಕಾದ ಚಿನ್ನವನ್ನೆಲ್ಲ ಹೆಚ್ಚುಕಡಿಮೆ ಹೊರಗಿನಿಂದಲೇ ತರುವ ದೇಶ ಇಷ್ಟು ಬೇಗ ಪಾಠ ಮರೆಯಬಾರದಿತ್ತು.

ಪ್ರಾಮಾಣಿಕನಿಗೆ ಬರುವ ಕಷ್ಟವೂ ಸಣ್ಣದಲ್ಲ. ಚಿನ್ನವು ಕಳ್ಳಸಾಗಣೆಯದೆಂಬ ಸಕಾರಣ ನಂಬಿಕೆಯಿಂದ ಅಧಿಕಾರಿ ಜಪ್ತಿ ಮಾಡಿದರೆ, ಅದು ಹಾಗಲ್ಲವೆಂದು ಸಾಬೀತುಪಡಿಸುವ ಭಾರ 123ನೆಯ ಕಲಮಿನಂತೆ ಹಿಡಿದವನ ಮೇಲೆಯೇ ಬೀಳುತ್ತದೆ. 2016ರ ಬ್ಯಾಗೇಜ್ ನಿಯಮಗಳು, ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿದ್ದು ಮರಳುವ ಹೆಣ್ಣುಮಗಳಿಗೆ 40 ಗ್ರಾಂ ಒಡವೆಯನ್ನು ಅನುಮತಿಸಿ, ಜೊತೆಗೇ ಒಂದು ಲಕ್ಷ ರೂಪಾಯಿಯ ಮಿತಿಯನ್ನೂ ಹೇರಿದವು. ಚಿನ್ನದ ಬೆಲೆ ಏರಿದಂತೆ ಆ 40 ಗ್ರಾಂ ಕಾಗದದ ಮೇಲಷ್ಟೇ ಉಳಿಯಿತು. ಕೈಬಳೆ ತೊಟ್ಟು ತವರಿಗೆ ಬಂದವಳೂ ಅಪರಾಧಿಯಂತೆ ನಿಲ್ಲುವಂತಾದರೆ, ಕಾನೂನಿನ ಮೇಲಣ ಗೌರವ ಎಲ್ಲಿಂದ ಬರಬೇಕು?

ಆದರೂ ರಾಜ್ಯದ ಅವಿವೇಕ ಶ್ರಾವಕನಿಗೆ ರಹದಾರಿಯಾಗದು. ಕೆಟ್ಟ ದರದ ವಿರುದ್ಧ ಮನವಿ, ಮೇಲ್ಮನವಿ, ಮತ, ಲೇಖನಗಳಿವೆ. ಸುಳ್ಳು ಇನ್‌ವಾಯ್ಸ್ ಆ ಪಟ್ಟಿಯಲ್ಲಿಲ್ಲ. ಅದರ ಮೊದಲ ಪೆಟ್ಟು ಬೀಳುವುದು ಅಧಿಕಾರಿಯ ಮೇಲಲ್ಲ, ಪೂರ್ತಿ ಸುಂಕ ಕಟ್ಟಿ ಅದೇ ಓಣಿಯಲ್ಲಿ ಅಂಗಡಿ ತೆರೆದ ನೆರೆಯವನ ಮೇಲೆ. ಅವನೂ ಬಹುಶಃ ಸಹಧರ್ಮಿಯೇ.

ಇನ್ನೊಂದು ಸಂಗತಿಯನ್ನು ಲೆಕ್ಕ ಪರಿಶೋಧಕರು ಬಲ್ಲರು. ವಂಚನೆಯ ನೋಟಿಸು ಬಂದ ಮೂವತ್ತು ದಿನಗಳೊಳಗೆ ಸುಂಕ, ಬಡ್ಡಿ ಮತ್ತು ಶೇಕಡಾ 15ರ ದಂಡವನ್ನು ಕಟ್ಟಿದರೆ ಸುಂಕ ವಸೂಲಿಯ ಪ್ರಕರಣ ಅಲ್ಲಿಗೆ ಮುಗಿದಂತೆ ಎಂದು 28ನೆಯ ಕಲಮು ಅವಕಾಶ ಕೊಡುತ್ತದೆ. ತಪ್ಪಿದವನು ತಿದ್ದಿಕೊಳ್ಳಲೆಂದು ಇಟ್ಟ ಈ ಬಾಗಿಲನ್ನು ಕೆಲವರು ವ್ಯಾಪಾರದ ಖರ್ಚಿನ ಬಾಬತ್ತಿಗೆ ಸೇರಿಸಿಕೊಂಡಿದ್ದಾರೆ: ಹತ್ತರಲ್ಲಿ ಒಂದು ಸಿಕ್ಕಿಬಿದ್ದರೂ ಒಂಬತ್ತು ದಕ್ಕಿತಲ್ಲ! ಪ್ರತಿಕ್ರಮಣಕ್ಕೆ ಕುಳಿತು ಆಡಿದ್ದನ್ನೇ ನಾಳೆ ಮತ್ತೆ ಆಡಲು ನಿಶ್ಚಯಿಸಿದಂತೆ ಇದು.

ಇಂಥ ಹಣ ಕೊನೆಗೆ ಬಂದು ಸೇರುವ ಜಾಗಗಳಲ್ಲಿ ಬಸದಿಯೂ ಒಂದೆಂಬುದು ಕಹಿಯಾದರೂ ನಿಜ. ಪಂಚಕಲ್ಯಾಣದಲ್ಲಿ ಸೌಧರ್ಮ ಇಂದ್ರನ ಸ್ಥಾನಕ್ಕೆ ಸವಾಲು ಕೂಗುವಾಗ ಯಾವ ಸಮಿತಿಯೂ ಮೂಲವನ್ನು ಕೇಳುವುದಿಲ್ಲ. ಅದೇ ಹಣದ ಇನ್ನೊಂದು ತುದಿಯಲ್ಲಿ, ಟಿಕೆಟ್ಟು ಮತ್ತು ಕೆಲವು ಸಾವಿರ ರೂಪಾಯಿಗಳ ಆಸೆಗೆ ಪೊಟ್ಟಣ ಹೊತ್ತು ಬಂದ ನಿರುದ್ಯೋಗಿ ಹುಡುಗ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತಾನೆ. ಏಳು ವರ್ಷಗಳವರೆಗಿನ ಸೆರೆವಾಸದ ಭಯ ಅವನಿಗೆ. ಮುಂದಿನ ಸಾಲಿನ ಆಸನ, ಶಾಲು ಮತ್ತು ಹಾರ ಕಳುಹಿಸಿದವನಿಗೆ.

ಟ್ರಸ್ಟುಗಳು ಮಾಡಬಹುದಾದ ಕೆಲಸ ಕಷ್ಟದ್ದಲ್ಲ. ದೊಡ್ಡ ಮೊತ್ತದ ಸವಾಲನ್ನು ಬ್ಯಾಂಕಿನ ಮೂಲಕವೇ, ಪ್ಯಾನ್ ಸಹಿತ, ನಿಗದಿತ ದಿನದೊಳಗೆ ಪಡೆಯಬೇಕು, ನಗದನ್ನು ಹಿಂದಿರುಗಿಸಬೇಕು, ಸುಂಕ ವಂಚನೆಯ ಆದೇಶ ಅಂತಿಮವಾದವರನ್ನು ಸನ್ಮಾನದ ಪಟ್ಟಿಯಿಂದ ಕೈಬಿಡಬೇಕು. ದಶಲಕ್ಷಣ ಪರ್ವದ ಉತ್ತಮ ಶೌಚದ ದಿನ ಲೋಭದ ಮೇಲೆ ಪ್ರವಚನ ನಡೆಯುವಾಗ, ಐದು ಅತಿಚಾರಗಳ ಜೊತೆಗೆ ಒಂದು ಬಿಲ್ ಆಫ್ ಎಂಟ್ರಿಯನ್ನೂ ತೆರೆದಿಟ್ಟು ಯುವ ವ್ಯಾಪಾರಿಗಳಿಗೆ ಸಾಲು ಸಾಲಾಗಿ ವಿವರಿಸಲಿ. ಆ ದಿನ ಪ್ರವಚನಕಾರರ ಪಕ್ಕದಲ್ಲಿ ಕುಳಿತುಕೊಳ್ಳಲು ಕಸ್ಟಮ್ಸ್ ಬಲ್ಲ ಸಹಧರ್ಮಿಗಳು ಮುಂಬೈ, ಪುಣೆ, ಚೆನ್ನೈಗಳ ಸಂಘಗಳಲ್ಲಿ ಸಿಗದೆ ಹೋಗರು.