ಕಡುಬು ಉಬ್ಬಲಿಲ್ಲ

ಕಡುಬು ಉಬ್ಬಲಿಲ್ಲ, ಚಾಕು ಕಪ್ಪಾಯಿತು. 1815ರಲ್ಲಿ ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯಕ್ಕೆ ಇಂಥದ್ದೇ ಸಾಕ್ಷ್ಯ ಸಾಕಾಯಿತು. ಚಾನ್ಸರಿ ಲೇನಿನ ಟರ್ನರ್ ಕುಟುಂಬದಲ್ಲಿ ಅಡುಗೆಗಿದ್ದ ಎಲೈಜಾ ಫೆನ್ನಿಂಗ್ ಎಂಬ ಇಪ್ಪತ್ತರ ಹರೆಯದ ಹುಡುಗಿ ಕಡುಬಿಗೆ ಪಾಷಾಣ ಹಾಕಿದಳೆಂದು ಆರೋಪ. ತಿಂದವರೆಲ್ಲ ವಾಂತಿ ಮಾಡಿಕೊಂಡು ನರಳಿದರು, ಯಾರೂ ಸಾಯಲಿಲ್ಲ. ಅದೇ ಕಡುಬನ್ನು ಎಲೈಜಾಳೂ ತಿಂದು ನರಳಿದ್ದಳು. ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ.

ಇಲಿಗೆಂದು ತಂದ ಪಾಷಾಣ ಬೀಗವಿಲ್ಲದ ಡ್ರಾಯರಿನಲ್ಲಿತ್ತು, ಯಾರ ಕೈಗಾದರೂ ಸಿಗುವಂತೆ. ಪೊಟ್ಟಣದ ಮೇಲೆ ವಿಷವೆಂದು ಬರೆದಿತ್ತು. ಹುಡುಗಿಗೆ ಓದು ಬರುತ್ತಿತ್ತು. ಅದೂ ಅವಳಿಗೇ ಮುಳುವಾಯಿತು. ಕೆಲ ವಾರಗಳ ಹಿಂದೆ ಯಜಮಾನಿ ಬೈದಿದ್ದಳಲ್ಲ, ಅದೇ ಸೇಡಿಗೆ ಕಾರಣವೆಂದರು. ಆಗಿನ ಕಾನೂನಿನಲ್ಲಿ ಅವಳ ವಕೀಲ ಸಾಕ್ಷಿಗಳನ್ನು ಪ್ರಶ್ನಿಸಬಹುದಿತ್ತು, ಜ್ಯೂರಿಯ ಮುಂದೆ ಅವಳ ಪರ ವಾದ ಮಂಡಿಸುವಂತಿರಲಿಲ್ಲ. ಆ ಹಕ್ಕು ಬಂದದ್ದು 1836ರಲ್ಲಿ. ಪಾಷಾಣದಿಂದ ಚಾಕು ಹಾಗೆ ಕಪ್ಪಾಗದು, ಹಿಟ್ಟು ಉಬ್ಬುವುದು ನಿಲ್ಲದು ಎಂದು ಅಂದೇ ತಿಳಿದವರು ತಕರಾರು ತೆಗೆದರು. ನಿರಪರಾಧಿ ಎನ್ನುತ್ತಲೇ ಇದ್ದವಳನ್ನು ಜುಲೈ 26ರಂದು ನ್ಯೂಗೇಟ್ ಜೈಲಿನ ಮುಂದೆ ನೇಣಿಗೆ ಹಾಕಿದರು. ಶವಯಾತ್ರೆಗೆ ಸಾವಿರಾರು ಜನ ನೆರೆದರು. ವಿಲಿಯಂ ಹೋನ್ ಎಂಬ ಪ್ರಕಾಶಕ ಈ ಅನ್ಯಾಯದ ವಿವರಗಳನ್ನೆಲ್ಲ ಅಚ್ಚು ಹಾಕಿಸಿದ.

ಈ ವಾರ ಎಲೈಜಾಳನ್ನು ನೆನೆಸಿ ನನ್ನ ಹೊಟ್ಟೆ ಉರಿಯಿತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರ ಓಲೆ ಕಾಣೆಯಾಯಿತು. ಕಸ ಗುಡಿಸಿ ಪಾತ್ರೆ ತೊಳೆಯುವ ಹೆಂಗಸನ್ನು ಗೇಟಿನಲ್ಲಿ ನಿಲ್ಲಿಸಿ, ಅವಳ ಚೀಲವನ್ನು ವಾಚ್‌ಮನ್ ಎದುರೇ ನೆಲಕ್ಕೆ ಸುರಿದರು. ‘ಅಕ್ಕಾ, ಸೆರಗನ್ನೂ ಕೊಡವಿ ತೋರಿಸ್ಲಾ?’ ಎಂದು ಅವಳು ಕೇಳಿದಾಗ ಸುತ್ತ ನಿಂತ ಓದಿದ ಹೆಂಗಸರಲ್ಲಿ ಒಬ್ಬರೂ ಬೇಡ ಎನ್ನಲಿಲ್ಲ. ಅವಳ ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಹೋಯಿತು, ‘ಎಚ್ಚರಿಕೆ’ ಎಂಬ ಒಕ್ಕಣೆಯೊಂದಿಗೆ. ಸಂಜೆಯೊಳಗೆ ಓಲೆ ದಿಂಬಿನ ಕವರಿನಲ್ಲಿ ಸಿಕ್ಕಿತು. ಸಿಕ್ಕ ಸುದ್ದಿ ಮಾತ್ರ ಗುಂಪಿಗೆ ಬರಲಿಲ್ಲ. ‘ಸಿಕ್ತಲ್ಲ, ಬಿಡಿ’ ಎಂದರು ಆ ಮನೆಯಾಕೆ, ಲಿಫ್ಟಿನಲ್ಲಿ ನನಗೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಮಕ್ಕಳಿಗೆ ಹೇಳಿಕೊಡುವವರು ನಾವು. ಇಲ್ಲಿ ಕಂಡವರೇ ಇರಲಿಲ್ಲ. ಬಡತನವೊಂದೇ ಸಾಕ್ಷಿ. ಸೋಫಾದ ಸಂದಿ, ದಿಂಬಿನ ಕವರು, ಮನೆಯ ಮಕ್ಕಳು, ಬಂದುಹೋದ ನೆಂಟರು, ಇವೆಲ್ಲ ಆಮೇಲೆ ನೆನಪಾಗುತ್ತವೆ. ಮೊದಲು ನೆನಪಾಗುವುದು ನಮ್ಮ ಎಂಜಲು ತಟ್ಟೆ ತೊಳೆಯುವ ಕೈ. ಫೋಟೊ ನೋಡಿದ ಇನ್ನೆರಡು ಮನೆಯವರು ಅವಳಿಗೆ ನಾಳೆಯಿಂದ ಬರಬೇಡ ಎಂದಿದ್ದಾರೆ.

ಓಲೆ ಸಿಕ್ಕ ಮನೆಯಾಕೆ ಅದೇ ಗುಂಪಿನಲ್ಲಿ, ಅವಳ ಹೆಸರು ಹಿಡಿದು, ಕ್ಷಮೆ ಕೇಳಲಿ. ತಪ್ಪಿಹೋದ ಎರಡು ಮನೆಗಳ ಸಂಬಳವನ್ನೂ ಅವರೇ ತುಂಬಿಕೊಡಲಿ.